ಡಬಲ್ ಡೆಕ್ಕರಿನ ಎಡ ಮೂಲೆ

ಝಳಕಿಯ ಹೆದ್ದಾರಿ ಪಕ್ಕದ ಹೋಟೆಲಿನವನು ನಮ್ಮ ಸಾರಿಗೆ ಸಂಸ್ಥೆಯ ಹಳೆಯ ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಉಳ್ಳಾಗಡ್ಡಿ ತುಂಬಿದ್ದ. ಕೆಳಗಿನ ಅಂತಸ್ತಿನಲ್ಲಿ ಒಲೆ, ಬಜಿ ಕರಿಯುವ ಬಾಣಲೆ, ಗಿರಾಕಿಗಳಿಗೆ ಎರಡು ಬೆಂಚು. ಎಂಜಿನ್ ಇಲ್ಲ, ಗಾಲಿಗಳಿಲ್ಲ. ಇಟ್ಟಿಗೆಯ ಕಟ್ಟೆ ಕಟ್ಟಿ ಅದರ ಮೇಲೆ ಬಸ್ಸನ್ನು ಕೂರಿಸಿದ್ದ. ಹಿಂದೆ ಹರಾಜಿನಲ್ಲಿ ಅವನ ಅಪ್ಪ ಕೊಂಡದ್ದಂತೆ. ‘ಇದು ಬಸ್ಸಲ್ರಿ, ನಮ್ಮ ಮನಿ ದೇವ್ರು’ ಎಂದ. ಆ ದೇವರ ಗೋಡೆಗಳಿಗೆ ಎಣ್ಣೆಮಸಿ ಬೆರಳು ದಪ್ಪ ಹತ್ತಿತ್ತು.

ಅದನ್ನು ಮರಳಿ ತಂದು, ಮೊದಲಿನಂತೆ ಮಾಡಿ, ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದಲ್ಲಿ ಪ್ರದರ್ಶನಕ್ಕೆ ನಿಲ್ಲಿಸಬೇಕೆಂದು ಮೇಲಿನವರ ಆದೇಶವಾಗಿತ್ತು. ವರ್ಕ್‌ಶಾಪಿನಲ್ಲಿ ಹಳೆಯ ಕಾಲದ ಬಾಡಿ ಕೆಲಸ ಬಲ್ಲವನು ನಾನೊಬ್ಬನೇ ಉಳಿದಿದ್ದೆ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಕೆಲಸ ನನ್ನ ಕೊರಳಿಗೆ ಬಿತ್ತು. ಇದು ನಿಮಗೆ ಸಿಕ್ಕ ಗೌರವ ಎಂದು ಎಲ್ಲರೂ ಹೇಳಿದರು. ನನಗೋ ಆ ಬಸ್ಸಿನ ಮುಖ ನೋಡುವ ಆಸೆ ಎಳ್ಳಷ್ಟೂ ಇರಲಿಲ್ಲ. ಅದನ್ನು ಓಡಿಸುತ್ತಿದ್ದ ಡ್ರೈವರ್ ಅದರಿಂದಲೇ ನೌಕರಿ ಕಳೆದುಕೊಂಡಿದ್ದರು. ತಪ್ಪು ತಮ್ಮದಲ್ಲವೆಂದು ಅವರಿಗೆ ಗೊತ್ತಿತ್ತು. ಯಾರದೆಂದು ನನಗೆ ಗೊತ್ತಿತ್ತು.

ನಮ್ಮ ವಿಭಾಗಕ್ಕೆ ಡಬಲ್ ಡೆಕ್ಕರ್ ಬಂದದ್ದೇ ಒಂದು ವಿಚಿತ್ರ. ದೊಡ್ಡ ಶಹರದವರು ಹಳೆಯದಾಯಿತೆಂದು ಬಿಟ್ಟ ಮೂರು ಗಾಡಿಗಳನ್ನು ನಮಗೆ ದಾಟಿಸಿದರು. ಒಂದು ಬಂದ ದಿನವೇ ಕೆಟ್ಟು ನಿಂತು, ಉಳಿದೆರಡಕ್ಕೆ ಬಿಡಿಭಾಗ ಒದಗಿಸುತ್ತ ಒದಗಿಸುತ್ತ ಬರಿ ಎಲುಬಾಯಿತು. ಇನ್ನೊಂದು ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಕೆಲವು ತಿಂಗಳು ಓಡಿತು. ಮೇಲೆ ಕೂತವರು ಹೊಲ ನೋಡುತ್ತ ಖುಷಿಪಟ್ಟರು, ಕೆಳಗೆ ಕೂತವರು ತಲೆಯ ಮೇಲೆ ಮಂದಿ ಕಾಲಿಡುತ್ತಾರೆಂದು ಬೈದರು. ಕ್ಲಚ್ ಪ್ಲೇಟು ಎಷ್ಟು ಸಲ ಸುಟ್ಟಿತೋ ಲೆಕ್ಕವಿಲ್ಲ. ಮೂರನೆಯದು ಇಂಡಿಯಿಂದ ಸಿಂದಗಿಗೆ ಓಡುತ್ತಿದ್ದ ಈ ಗಾಡಿ. ಒಂದು ಅಪಘಾತವಾಯಿತು. ಮೇಲಂತಸ್ತಿನ ಮುಂದಿನ ಎಡಗಡೆ ಸೀಟಿನಲ್ಲಿ ಕೂತಿದ್ದ ದರ್ಜಿಯೊಬ್ಬರ ಒಂದು ಕಣ್ಣು ಹೋಯಿತು. ಅಲ್ಲಿಗೆ ನಮ್ಮ ಕಡೆಯ ಡಬಲ್ ಡೆಕ್ಕರ್ ಚರಿತ್ರೆ ಮುಗಿಯಿತು.

ಹೋಟೆಲಿನವನು ಬದಲಿಗೆ ಬೇರೊಂದು ಬಸ್ಸಿನ ಬಾಡಿ ಕೊಟ್ಟರೆ ಬಿಡುತ್ತೇನೆಂದ. ಮೇಲಿನವರು ಒಪ್ಪಿದರು. ಲೋಬೆಡ್ ಟ್ರೇಲರ್ ಮೇಲೆ ಇಟ್ಟರೆ ಎತ್ತರ ಇನ್ನೂ ಮೂರು ಅಡಿ ಏರುತ್ತದೆ. ಅದಕ್ಕೆ ನಡುಪಟ್ಟಿಯ ಬೋಲ್ಟುಗಳನ್ನು ಬಿಚ್ಚಿ ಮೇಲಿನ ಅಂತಸ್ತನ್ನು ಬೇರೆ ಮಾಡಿದೆವು. ಅರ್ಧಕ್ಕರ್ಧ ಬೋಲ್ಟು ತುಕ್ಕು ಹಿಡಿದು ಬಿಚ್ಚಲು ಬರಲಿಲ್ಲ, ಗ್ಯಾಸಿನಿಂದ ಕತ್ತರಿಸಿದೆವು. ಹೊರಡುವ ಮುಂಚೆ ನಾನು ಒಂದು ಬಿದಿರಿನ ಗಳಕ್ಕೆ ಕೆಂಪು ಅರಿವೆ ಕಟ್ಟಿ, ಜೀಪಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು, ದಾರಿಯುದ್ದಕ್ಕೂ ಟೊಂಗೆ ತಂತಿ ಅಳೆಯುತ್ತ ಹೋದೆ. ರಸ್ತೆಯ ನಡುವೆ ಒಮ್ಮೆ, ಎಡಗಡೆಯ ಮಣ್ಣುಪಟ್ಟಿಯ ಮೇಲೆ ಒಮ್ಮೆ, ಬಲಗಡೆ ಒಮ್ಮೆ.

ನಮ್ಮ ಮೆಕ್ಯಾನಿಕಲ್ ಎಂಜಿನಿಯರ್ ಮೈಸೂರು ಕಡೆಯ ಹೆಣ್ಣುಮಗಳು. ವಯಸ್ಸಿನಲ್ಲಿ ಚಿಕ್ಕವರು, ಕೆಲಸದಲ್ಲಿ ಚುರುಕು. ಜೀಪಿನಲ್ಲಿ ನನ್ನ ಜೊತೆಗಿದ್ದರು. ‘ಯಜಮಾನ್ರೇ, ಟ್ರೇಲರ್ ರಸ್ತೆ ಮಧ್ಯದಲ್ಲೇ ಬರತ್ತೆ, ಪಕ್ಕದಲ್ಲೆಲ್ಲ ಯಾಕೆ ಅಳೀತೀರಿ? ಹೀಗಾದ್ರೆ ಊರು ಸೇರೋದು ಯಾವಾಗ?’ ಎಂದು ನಕ್ಕರು.

‘ಇರ್ಲಿ ಬಿಡ್ರಿ ಮೇಡಂ, ರೂಢಿ ಬಿದ್ದೈತಿ’ ಎಂದೆ. ಸುಳ್ಳು. ಈ ರೂಢಿ ನನಗೆ ಯಾವತ್ತೂ ಇರಲಿಲ್ಲ. ಇದ್ದಿದ್ದರೆ ಇಷ್ಟು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮೂರು ವಾರ ಬರಿ ತೊಳೆಯುವುದು, ಕೆರೆಯುವುದು. ಕಾಸ್ಟಿಕ್ ಸೋಡಾ ಹಚ್ಚಿ ಎಣ್ಣೆಮಸಿ ತೆಗೆದರೆ ಅದರ ಕೆಳಗೆ ಹೋಟೆಲಿನ ಹಸಿರು ಬಣ್ಣ, ಅದರ ಕೆಳಗೆ ನಮ್ಮ ಕೆಂಪು. ನೆಲದ ಹಲಗೆಗಳು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಮೇಲೇರುವ ಮೆಟ್ಟಿಲು ಇರಲೇ ಇಲ್ಲ, ಹೋಟೆಲಿನವನು ಕಿತ್ತು ಏಣಿ ಹಚ್ಚಿಕೊಂಡಿದ್ದ. ಇನ್ನೊಂದು ಗಾಡಿಯ ಮೆಟ್ಟಿಲು ಮುದ್ದೇಬಿಹಾಳ ಡಿಪೊದಲ್ಲಿ ಸಿಕ್ಕಿತು. ಅಲ್ಲಿನವರು ನೀರಿನ ಟಾಕಿ ಹತ್ತಲು ಅದನ್ನು ಬೆಸುಗೆ ಹಾಕಿಕೊಂಡಿದ್ದರು. ಮೇಲಂತಸ್ತಿನ ಸೀಟಿನ ಚೌಕಟ್ಟುಗಳು ಬಾಗೇವಾಡಿಯ ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ ಬೆಂಚಾಗಿದ್ದವು. ಕೇಳಿದರೆ, ‘ಕುಂತ ಮಂದಿನ್ನ ಎಬ್ಬಿಸಿ ಒಯ್ತೀರೇನ್ರಿ?’ ಎಂದು ಜಗಳಕ್ಕೆ ಬಂದರು. ಹೊಸ ಬೆಂಚು ಕೊಟ್ಟ ಮೇಲೆ ಬಿಟ್ಟರು.

ನಾಲ್ಕನೆಯ ವಾರ ನಮ್ಮ ವೆಲ್ಡರ್ ಮೇಲಂತಸ್ತಿನ ಎಡ ಮೂಲೆಯ ತಗಡು ಬಿಚ್ಚಿದ. ಅಲ್ಲಿ ಮುಂಗಂಬದ ಒಳಗೆ ತ್ರಿಕೋನದ ಒಂದು ಪಟ್ಟಿ ಕೂರಿಸಿ ಬೆಸೆದಿತ್ತು. ಬೆಸುಗೆಯ ಗೆರೆ ಇಷ್ಟು ವರ್ಷದ ಮೇಲೂ ನೂಲು ಹಿಡಿದಂತಿತ್ತು. ಅವನು ಬೆರಳಾಡಿಸಿ ನೋಡಿ, ‘ಇದು ಯಾರ್ ಮಾಡ್ಯಾರ್ರಿ ಕೆಲಸಾ? ಭಾಳ ಚಲೋ ಕೈ ಬಿಡ್ರಿ’ ಎಂದ.

ಮಾಡಿದವನು ನಾನು. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋಗಿ, ಟೈರುಗಳ ರಾಶಿಯ ಹಿಂದೆ ಹೊತ್ತು ಕಳೆದೆ.

ಆಗ ನಾನು ಇಪ್ಪತ್ತೈದರ ಆಸುಪಾಸಿನ ಬಾಡಿ ಫಿಟ್ಟರ್. ಗಾಡಿ ಓಡಿಸುವ ಮುಂಚೆ ದಾರಿ ಅಳೆಯುವ ಕೆಲಸವನ್ನು ನನಗೂ ನಾಲ್ಕು ಮಂದಿ ಕೂಲಿಗಳಿಗೂ ವಹಿಸಿದ್ದರು. ಟ್ರ್ಯಾಕ್ಟರಿನಲ್ಲಿ ಬಸ್ಸಿನ ಎತ್ತರಕ್ಕಿಂತ ಒಂದಡಿ ಹೆಚ್ಚಿನ ಗಳ ನಿಲ್ಲಿಸಿಕೊಂಡು ಹೋಗುವುದು, ಗಳಕ್ಕೆ ತಾಗಿದ ಟೊಂಗೆ ಕಡಿಯುವುದು, ಚೀಟಿಯಲ್ಲಿ ಬರೆಯುವುದು. ಬೇಸಿಗೆಯ ದಿನ. ಕಬ್ಬಿನ ಹಂಗಾಮು ಮುಗಿದಿತ್ತು, ರಸ್ತೆ ಬಿಕೋ ಎನ್ನುತ್ತಿತ್ತು. ಹೋಗುವಾಗ ಬರುವಾಗ ಎರಡೂ ಸಲ ರಸ್ತೆಯ ನಟ್ಟನಡುವೆ ಹೋದೆವು.

ಒಂದು ಕಡೆ ದುರಗವ್ವನ ಬೇವಿನ ಗಿಡ. ಬುಡದಲ್ಲಿ ಕುಂಕುಮ ಬಳಿದ ಕಲ್ಲು, ಟೊಂಗೆಗಳಿಗೆ ಕಟ್ಟಿದ ಹಸಿರು ಬಳೆ. ರಸ್ತೆಯ ನಡುವೆ ಗಳ ತಾಗಲಿಲ್ಲ. ಆದರೆ ಎಡಕ್ಕೆ, ಮಣ್ಣುಪಟ್ಟಿಯ ಮೇಲೆ ಚಾಚಿದ ಒಂದು ದಪ್ಪ ಟೊಂಗೆ ಕಣ್ಣಳತೆಗೇ ತಗ್ಗಿನಲ್ಲಿತ್ತು. ನಾನೇ ಇಳಿದು ಗಳ ಹಿಡಿದು ನೋಡಿದೆ. ಗಳದ ತುದಿಗಿಂತ ಎರಡಡಿ ಕೆಳಗೆ. ಕೂಲಿಗಳಿಗೆ ಕಡಿಯಿರಿ ಎಂದೆ. ನಾಲ್ವರೂ ಚಪ್ಪಲಿ ಕಳಚಿ ಕೈಮುಗಿದು ನಿಂತರು. ಹಿರಿಯವನು, ‘ನಮ್ಮ ಕೈಲೆ ಆಗೂದಿಲ್ರಿ ಸಾಹೇಬ್ರ. ದುರಗವ್ವನ ಗಿಡಕ್ಕ ಕೊಡ್ಲಿ ಹಚ್ಚಿದವ ಮನಿ ಮುಟ್ಟಂಗಿಲ್ಲ’ ಎಂದ. ನಮ್ಮ ಅವ್ವ ನಡೆದುಕೊಳ್ಳುತ್ತಿದ್ದದ್ದೂ ದುರಗವ್ವನಿಗೇ. ನಾನೂ ಕೈಮುಗಿದೆ.

ಗಿಡ ಉಳಿಸಿದ್ದು ತಪ್ಪೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಎಡಗಡೆ ಟೊಂಗೆ ತಗ್ಗಿದೆ, ಡಾಂಬರು ಬಿಟ್ಟು ಇಳಿಯಬಾರದು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಡ್ರೈವರಿಗೆ ತಿಳಿಸುತ್ತಿದ್ದರು, ಒಂದು ಹಲಗೆ ನೆಡುತ್ತಿದ್ದರು. ಆದರೆ ಹಾಗೆ ಬರೆದರೆ ಯಾಕೆ ಕಡಿಯಲಿಲ್ಲ ಎಂದು ಸೂಪರ್‌ವೈಸರ್ ಮತ್ತೆ ಓಡಿಸುತ್ತಾರೆ. ಉದ್ಘಾಟನೆ ಮುಂದಿನ ವಾರವೇ ಇತ್ತು. ಅಷ್ಟು ದೊಡ್ಡ ಬಸ್ಸು ಡಾಂಬರು ಬಿಟ್ಟು ಯಾಕೆ ಇಳಿದೀತು ಎಂದುಕೊಂಡೆ. ಆ ಸ್ಥಳದ ಮುಂದೆ ‘ಅಡ್ಡಿ ಇಲ್ಲ’ ಎಂದು ಬರೆದೆ. ಸೂಪರ್‌ವೈಸರ್ ಓದದೆ ಸಹಿ ಹಾಕಿದರು. ಚೀಟಿಯಲ್ಲಿ ನನ್ನ ಹೆಸರೆಲ್ಲೂ ಇರಲಿಲ್ಲ.

ಕಬ್ಬಿನ ಹಂಗಾಮು ಬಂತು. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಎದುರಿಗೆ ಬಂದರೆ ಅದು ಸರಿಯುವುದಿಲ್ಲ, ಎದುರಿನವರೇ ಇಳಿಯಬೇಕು. ಡ್ರೈವರ್ ಇಳಿಸಿದರು. ಮಣ್ಣುಪಟ್ಟಿ ಇಳಿಜಾರು. ಕೆಳಗೆ ಒಂದು ಗೇಣು ವಾಲಿದರೆ ತುದಿಯಲ್ಲಿ ಮೊಳ ವಾಲುತ್ತದೆ. ಎಡ ಮೂಲೆ ಟೊಂಗೆಗೆ ಬಡಿಯಿತು, ಗಾಜು ಒಡೆಯಿತು. ಟೊಂಗೆಯೂ ಮುರಿದು ಬಿತ್ತು. ಮರುದಿನ ತನಿಖೆಯವರು ಬಂದು ಅಳೆದಾಗ ಅಲ್ಲಿ ಅಡ್ಡಿ ಏನೂ ಇರಲಿಲ್ಲ. ಟೊಂಗೆ ತಗ್ಗಿತ್ತು ಎಂದು ಡ್ರೈವರ್ ಹೇಳಿದರು. ತನಿಖೆಯವರು ನನ್ನ ಚೀಟಿ ತೆಗೆದು ತೋರಿಸಿದರು. ನನ್ನನ್ನು ಯಾರೂ ಕರೆಯಲಿಲ್ಲ, ಕೇಳಲಿಲ್ಲ. ನಾನು ಅದೇ ಗಾಡಿಯ ಮುರಿದ ಕಂಬ ನೆಟ್ಟಗೆ ಮಾಡುತ್ತ ವರ್ಕ್‌ಶಾಪಿನಲ್ಲಿದ್ದೆ. ಅಷ್ಟು ಚೆಂದದ ಬೆಸುಗೆ ನಾನು ಮತ್ತೆಂದೂ ಹಾಕಲಿಲ್ಲ. ಡ್ರೈವರನ್ನು ನೌಕರಿಯಿಂದ ತೆಗೆದರು. ಗಾಡಿಯನ್ನು ಮತ್ತೆ ರಸ್ತೆಗೆ ಬಿಟ್ಟಾಗ ಮೇಲಂತಸ್ತು ಹತ್ತುವವರೇ ಇಲ್ಲ. ದುರಗವ್ವ ಮುನಿದಿದ್ದಾಳೆ ಎಂದರು ಮಂದಿ.

ಬಣ್ಣ ಹಚ್ಚುವ ಹೊತ್ತಿಗೆ ಮೇಡಂ ಒಂದು ಹಾಳೆ ತಂದುಕೊಟ್ಟರು. ಬಸ್ಸಿನ ಪಕ್ಕದಲ್ಲಿ ನಿಲ್ಲಿಸುವ ಫಲಕದ ಒಕ್ಕಣೆ. ಹಳೆಯ ಕಡತ ನೋಡಿ ಬರೆದದ್ದು. ಮೂರು ಗಾಡಿಗಳು ಬಂದದ್ದು, ಎಲ್ಲೆಲ್ಲಿ ಓಡಿದ್ದು, ಕೊನೆಗೆ, ‘ಚಾಲಕನ ಅಜಾಗರೂಕತೆಯಿಂದ ಅಪಘಾತ ಸಂಭವಿಸಿ ಸೇವೆ ಸ್ಥಗಿತಗೊಂಡಿತು.’

‘ತಪ್ಪೇನಾದ್ರೂ ಇದ್ರೆ ತಿದ್ದಿ ಕೊಡಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?’ ಎಂದರು.

ಹಾಳೆಯನ್ನು ಮಡಿಸಿ ಜೇಬಿಗಿಟ್ಟೆ. ಎರಡು ದಿನ ಅದು ಅಲ್ಲೇ ಇತ್ತು. ಮೂರನೆಯ ದಿನ ದೇವಣಗಾಂವಕ್ಕೆ ಹೊರಟೆ. ಆ ಡ್ರೈವರ್ ಅಲ್ಲಿಯವರು, ಡಿಪೊದಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಹೋಗಲು ನೆವ ಬೇಕಿತ್ತು, ಸಿಕ್ಕಿತು. ಮೇಲಿನ ಪ್ರಯಾಣಿಕರು ಕಾಣಲೆಂದು ಡ್ರೈವರಿನ ತಲೆಯ ಮೇಲೆ ಒಂದು ಕನ್ನಡಿ ಇರುತ್ತಿತ್ತು. ಅದನ್ನು ಎಲ್ಲಿ ಕೂರಿಸಿದ್ದರೆಂದು ಯಾವ ಫೋಟೊದಲ್ಲೂ ಕಾಣುತ್ತಿರಲಿಲ್ಲ.

ಮಸೀದಿಯ ಹಿಂದಿನ ಓಣಿಯಲ್ಲಿ ಮನೆ. ಹೊರಸಿನ ಮೇಲೆ ಕೂತಿದ್ದರು. ಎಪ್ಪತ್ತೈದು ದಾಟಿರಬೇಕು, ಉಸಿರಾಟದ ತೊಂದರೆ, ಕಣ್ಣಿಗೆ ಪೊರೆ. ಧ್ವನಿ ಕೇಳಿ ಗುರುತು ಹಿಡಿದರು. ‘ಬರ್ರಿ ಮೇಸ್ತ್ರಿ. ನೀವಲ್ಲೇನ್ರಿ ನಮ್ಮ ಗಾಡಿ ಕಂಬ ಸುದ್ದ ಮಾಡಿದವ್ರು?’

ಕನ್ನಡಿಯ ಮಾತು ತೆಗೆದೆ. ಕೂತಲ್ಲೇ ಕೈ ಮೇಲೆತ್ತಿ ಗಾಳಿಯಲ್ಲಿ ಜಾಗ ತೋರಿಸಿದರು. ‘ಇಲ್ಲೆ. ಬಲಗಣ್ಣಿನ ಮ್ಯಾಲ, ಒಂದ್ ಗೇಣು ಮುಂದ. ಬ್ರೇಕ್ ಹಾಕಿ ಮ್ಯಾಲ ನೋಡಿದೆ ಅಂತ ಎಷ್ಟ್ ಮಂದಿಗೆ ಹೇಳ್ಲಿ? ಆ ದರ್ಜಿ ಮಾರಿ ಹಿಡ್ಕೊಂಡು ಕುಂತಿದ್ದು ಅದರಾಗ ಕಾಣಿಸ್ತು. ಬೆರಳ ಸಂದ್ಯಾಗಿಂದ ರಕ್ತ. ಈಗೂ ಕಣ್ಣು ಮುಚ್ಚಿದ್ರ ಕಾಣ್ತೈತಿ.’

ಆಮೇಲೆ ಅವರು ಅದೇ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸಿ ಮಕ್ಕಳನ್ನು ಸಾಕಿದ್ದರು. ಊರಲ್ಲಿ ಅವರಿಗೆ ‘ಕಣ್ಣು ಕಳದ ಡ್ರೈವರ್’ ಎಂದು ಹೆಸರು ಬಿದ್ದಿತ್ತು. ಮಗನಿಗೆ ಹೆಣ್ಣು ನೋಡಲು ಹೋದಲ್ಲೂ ಅದೇ ಹೆಸರಿನಿಂದ ಗುರುತು ಹೇಳಿದರಂತೆ.

‘ಟೊಂಗಿ ತಗ್ಗ ಇತ್ತು ಮೇಸ್ತ್ರಿ. ಅಡ್ಡಿ ಇಲ್ಲ ಅಂತ ಯಾರೋ ಬರದಾರ. ಬರದಾವ ಯಾರೋ, ಎಲ್ಲಿದ್ದಾನೋ’ ಎಂದರು.

ಆಗಲೇ ಹೇಳಬೇಕಿತ್ತು. ಬದಲಿಗೆ, ಉದ್ಘಾಟನೆಗೆ ಬರಬೇಕು ಚಾಚಾ, ಗಾಡಿ ಕಳಿಸುತ್ತೇವೆ ಎಂದುಬಿಟ್ಟೆ.

‘ಬ್ಯಾಡ್ರಿ. ಬೋರ್ಡಿನ್ಯಾಗ ಏನ್ ಬರದಿರ್ತೀರಿ ನನಗ ಗೊತ್ತೈತಿ. ಮಂದಿ ಬೋರ್ಡ್ ಓದಿ ನನ್ನ ಮಾರಿ ನೋಡ್ತಾರ. ಬಸ್ ಮ್ಯಾಲ ಭಾಳ ಜೀವ ಐತಿ, ಮುಟ್ಟಿ ನೋಡಬೇಕಂತ ಆಸೇನೂ ಐತಿ. ಆದ್ರ ಆ ಬೋರ್ಡ್ ಇರೂ ಮಟ ನಾ ಅಲ್ಲಿ ಕಾಲಿಡಂಗಿಲ್ಲ.’

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯೊರಗಿಸಿ ಕೂತೆ. ನನ್ನ ಮೇಲೆಯೇ ನನಗೆ ಹೇಸಿಕೆಯಾಯಿತು. ಅವರು ಎದುರಿಗೆ ಕೂತು ಎಲ್ಲಿದ್ದಾನೋ ಎನ್ನುತ್ತಿದ್ದರೆ, ನಾನು ಕನ್ನಡಿಯ ಅಳತೆ ಬರೆದುಕೊಳ್ಳುತ್ತಿದ್ದೆ.

ಮರುದಿನ ಅರ್ಜಿ ಬರೆದೆ. ನಾಲ್ಕು ಸಲ ಹರಿದೆ. ಮೊದಲ ಮೂರರಲ್ಲಿ ದುರಗವ್ವನೂ ಕೂಲಿಗಳೂ ಸೂಪರ್‌ವೈಸರೂ ಮುಂದೆ ನಿಂತು ನಾನು ಹಿಂದೆ ಅಡಗಿದ್ದೆ. ಕೊನೆಗೆ ಉಳಿದದ್ದು ಇಷ್ಟು: ಆ ಟೊಂಗೆ ತಗ್ಗಿನಲ್ಲಿದ್ದುದನ್ನು ನಾನು ಸ್ವತಃ ಅಳೆದು ನೋಡಿದ್ದೆ. ನೋಡಿಯೂ ಅಡ್ಡಿ ಇಲ್ಲವೆಂದು ಬರೆದೆ. ತನಿಖೆಯ ಸಮಯದಲ್ಲಿ ಸುಮ್ಮನಿದ್ದೆ. ಅಪಘಾತದಲ್ಲಿ ಚಾಲಕರ ತಪ್ಪಿಲ್ಲ.

ಮೇಡಂ ಎರಡು ಸಲ ಓದಿದರು. ಬಾಗಿಲು ಹಾಕಿ ಬಂದು ಕೂತರು. ‘ನಿಮಗೆ ಇನ್ನು ಎರಡು ತಿಂಗಳು ಉಳಿದಿದೆ. ಇದನ್ನ ನಾನು ತೊಗೊಂಡ್ರೆ ಮೇಲಕ್ಕೆ ಕಳಿಸಲೇಬೇಕು. ಆಮೇಲೆ ಏನಾಗತ್ತೋ ನನ್ನ ಕೈಯಲ್ಲಿರಲ್ಲ. ವಾಪಸು ತೊಗೊಂಡ್ರೆ, ನಾನು ನೋಡೇ ಇಲ್ಲ.’

‘ತೊಗೋರಿ ಮೇಡಂ’ ಎಂದೆ. ಧೈರ್ಯದಿಂದಲ್ಲ. ಅವರು ಇನ್ನೊಂದು ಮಾತು ಆಡಿದ್ದರೆ ವಾಪಸು ಇಸಿದುಕೊಳ್ಳುತ್ತಿದ್ದೆನೇನೋ. ಪುಣ್ಯಕ್ಕೆ ಅವರು ಆಡಲಿಲ್ಲ. ಪ್ರತಿಯ ಮೇಲೆ ಸ್ವೀಕರಿಸಿದ ಮೊಹರು ಒತ್ತಿ ಕೊಟ್ಟರು.

ಹದಿನೈದು ದಿನದ ಮೇಲೆ ಮೇಲಿನಿಂದ ಉತ್ತರ ಬಂತು. ಪ್ರಕರಣ ಬಹಳ ಹಳೆಯದು, ಮರುತನಿಖೆಗೆ ಅವಕಾಶವಿಲ್ಲ. ನನ್ನ ಮೇಲೆ ಕ್ರಮವೂ ಇಲ್ಲ, ಡ್ರೈವರಿನ ಆದೇಶ ರದ್ದೂ ಇಲ್ಲ. ಫಲಕದಲ್ಲಿ ‘ತಾಂತ್ರಿಕ ಕಾರಣಗಳಿಂದ ಸೇವೆ ಸ್ಥಗಿತಗೊಂಡಿತು’ ಎಂದು ಬರೆಯಬಹುದು. ಮೇಡಂ ಬೇಸರದಿಂದ, ‘ಇಷ್ಟೇ ಆಗಿದ್ದು’ ಎಂದರು. ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಶಿಕ್ಷೆಯೂ ಇಲ್ಲದೆ ನಾನು ಮತ್ತೊಮ್ಮೆ ಪಾರಾಗಿದ್ದೆ.

ಉದ್ಘಾಟನೆಯ ಹಿಂದಿನ ದಿನ, ಬೆಳಗಿನ ಬಸ್ಸಿಗೆ ಅರ್ಜಿಯ ಪ್ರತಿ ಹಿಡಿದು ದೇವಣಗಾಂವಕ್ಕೆ ಹೋದೆ. ಚಾಚಾ ಅದೇ ಹೊರಸಿನ ಮೇಲಿದ್ದರು. ಕಾಗದ ಕೊಟ್ಟೆ.

‘ಏನ್ರಿ ಇದು?’

‘ಬೋರ್ಡ್ ಬದಲಿ ಮಾಡ್ಯಾರ್ರಿ ಚಾಚಾ. ಇದು ನಾ ಸಾಹೇಬ್ರಿಗೆ ಕೊಟ್ಟ ಅರ್ಜಿ.’

‘ನನಗ ಅಕ್ಷರ ಕಾಣೂದಿಲ್ಲ. ನೀವ ಓದ್ರಿ.’

ನಿಂತೇ ಓದತೊಡಗಿದೆ. ‘ನಾನು ಸ್ವತಃ ಅಳೆದು ನೋಡಿದ್ದೆ’ ಎಂಬಲ್ಲಿಗೆ ಬಂದಾಗ ಅವರ ಕೈ ಮೇಲೆದ್ದಿತು. ‘ತಡೀರಿ’ ಎಂದರು. ಒಳಗೆ ತಿರುಗಿ ಸೊಸೆಯನ್ನು ಕರೆದರು. ‘ಬೇಟಿ, ಕಟ್ಟಿ ಮ್ಯಾಲ ಕುಂತವ್ರನ್ನ ಕರಕೊಂಬಾ. ಎಲ್ಲಾರ್ನೂ. ಬಾಜೂ ಮನಿ ಗೌಡ್ರನ್ನೂ.’

ಎಂಟು ಹತ್ತು ಮಂದಿ ಬಂದು ಅಂಗಳದಲ್ಲಿ ನಿಂತರು. ಯಾರಾದರೂ ತೀರಿಕೊಂಡರೇನೋ ಎಂಬ ಮುಖ ಮಾಡಿಕೊಂಡು ಬಂದಿದ್ದರು. ಚಾಚಾ ಗೋಡೆ ಹಿಡಿದು ಎದ್ದು ನಿಂತರು. ಏದುಸಿರು ಬರುತ್ತಿತ್ತು. ‘ಈಗ ಓದ್ರಿ. ಮೊದಲಿಂದ ಓದ್ರಿ. ಜೋರಾಗಿ.’

ಓದಿದೆ. ನನ್ನ ಹೆಸರು, ನನ್ನ ಹುದ್ದೆ, ನಾನು ಮಾಡಿದ್ದು. ಮುಗಿದ ಮೇಲೆ ಪಕ್ಕದ ಮನೆಯ ಗೌಡರು ಕೇಳಿದರು. ‘ಅಂದ್ರ, ಚಾಚಾಂದು ತಪ್ಪಿದ್ದಿಲ್ಲ?’

‘ಇದ್ದಿಲ್ರಿ. ನಂದಿತ್ತು.’

ಮಂದಿ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಯಾರೋ ಮೆಲ್ಲಗೆ, ‘ಯಾ ಅಲ್ಲಾ, ಇಷ್ಟ್ ವರ್ಷ’ ಎಂದರು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮಂದಿ ಒಬ್ಬೊಬ್ಬರೇ ಹೊರಟರು. ಹೋಗುವ ಮುಂಚೆ ಗೌಡರು ಚಾಚಾರ ಹೆಗಲ ಮೇಲೆ ಕೈಯಿಟ್ಟು ತೆಗೆದರು.

ಅಂಗಳದಲ್ಲಿ ಇಬ್ಬರೇ ಉಳಿದೆವು. ಚಾಚಾ ಕೈ ಚಾಚಿ ಕಾಗದ ಇಸಿದುಕೊಂಡರು. ಮಡಿಕೆಯ ಮೇಲೆ ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಹಾಕಿದರು. ನಾನು ಅವರ ಕಾಲು ಮುಟ್ಟಲು ಬಾಗಿದೆ. ಹಿಂದೆ ಸರಿದರು.

‘ನಿಮ್ಮ ಮ್ಯಾಲ ಸಿಟ್ಟಿಲ್ಲ ಅಂತ ಹೇಳಾಕ ಬರ್ತೈತಿ ಮೇಸ್ತ್ರಿ. ಸುಳ್ಳಾಕ್ಕೈತಿ. ಈ ವಯಸ್ಸಿನ್ಯಾಗ ಸುಳ್ಳು ಯಾಕ ಹೇಳ್ಲಿ?’

‘ನಾಳಿ ಬರ್ತೀರೇನ್ರಿ ಚಾಚಾ? ಬಸ್ ನೋಡಾಕ?’

ಒಳಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡರು. ‘ಬರ್ತೇನಿ. ಮಗ ಕರಕೊಂಡು ಬರ್ತಾನ. ಆದ್ರ ನೀವು ಇಲ್ಲದ ಹೊತ್ತಿನ್ಯಾಗ ಬರ್ತೇನಿ.’

ತಲೆಯಾಡಿಸಿದೆ. ಅವರಿಗೆ ಅದು ಕಂಡಿತೋ ಇಲ್ಲವೋ. ಚೀಲ ಎತ್ತಿಕೊಂಡು, ‘ಹೋಗಿ ಬರ್ತೇನ್ರಿ ಚಾಚಾ’ ಎಂದೆ.

ನಮ್ಮ ಕಡೆ ವೈರಿಗೂ ‘ಹೋಗಿ ಬರ್ರಿ’ ಎಂದೇ ಹೇಳಿ ಕಳಿಸುತ್ತಾರೆ.

‘ಹೋಗ್ರಿ’ ಎಂದರು.